ನಲಿಕಲಿಯ ತರಗತಿ

ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ 1995ರಲ್ಲಿ ಶುರುವಾದ ನಲಿಕಲಿ ಪದ್ಧತಿಗೆ ರೂಪ ಕೊಟ್ಟವರು ಅಲ್ಲಿನ ಶಿಕ್ಷಕರು. ಆಂಧ್ರಪ್ರದೇಶದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳ ಪ್ರಯೋಗ ಅವರಿಗೆ ಪ್ರೇರಣೆಯಾಯಿತು. ಯುನಿಸೆಫ್ ನೆರವು ಜೊತೆಗಿತ್ತು.

ಇಲ್ಲಿ ಪಾಠ ಸಣ್ಣ ಸಣ್ಣ ಕಾರ್ಡುಗಳಲ್ಲಿರುತ್ತದೆ. ಅವುಗಳ ಕ್ರಮ ತೋರಿಸುವ ಕಲಿಕಾ ಏಣಿ ಗೋಡೆಯ ಮೇಲಿರುತ್ತದೆ. ಪ್ರತಿ ಕಾರ್ಡಿಗೂ ಒಂದು ಚಿತ್ರದ ಗುರುತುಂಟು. ಹಾಗಾಗಿ ಅಕ್ಷರ ಬಾರದ ಮಗುವೂ ಚಿತ್ರ ನೋಡಿ ತನ್ನ ಮೆಟ್ಟಿಲನ್ನು ಪತ್ತೆಮಾಡಿ, ಬೇಕಾದ ಕಾರ್ಡನ್ನು ತಾನೇ ತೆಗೆದುಕೊಳ್ಳಬಲ್ಲದು. ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪುಗಳಾಗಿ ಕೂರುತ್ತಾರೆ. ಹೊಸದನ್ನು ಕಲಿಯುವ ಗುಂಪಿನ ಜೊತೆ ಶಿಕ್ಷಕರಿರುತ್ತಾರೆ. ಅಭ್ಯಾಸ ಮಾಡುವ ಗುಂಪಿನಲ್ಲಿ ಮಕ್ಕಳೇ ಒಬ್ಬರಿಗೊಬ್ಬರು ಹೇಳಿಕೊಡುತ್ತಾರೆ. ಇನ್ನೊಂದು ಗುಂಪು ಸ್ವಂತವಾಗಿ ಕಲಿಯುತ್ತದೆ. ಜ್ವರ ಬಂದೋ, ಅಪ್ಪ ಅಮ್ಮನ ಜೊತೆ ಕೂಲಿಗೆ ಹೋಗಿಯೋ ಶಾಲೆ ತಪ್ಪಿಸಿದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಬಡ ಮಕ್ಕಳ ಮಟ್ಟಿಗೆ ಈ ಪದ್ಧತಿಯ ದೊಡ್ಡ ಗುಣ ಇದೇ.

ಮಕ್ಕಳು ಬರೆದ ಚಿತ್ರ, ಕತ್ತರಿಸಿದ ಬಣ್ಣದ ಕಾಗದ ತಲೆಯ ಮೇಲಿನ ದಾರದ ಚಪ್ಪರದಲ್ಲಿ ತೂಗುತ್ತವೆ. ಹಾಡು, ಕಥೆ, ಆಟಗಳೂ ಏಣಿಯ ಭಾಗವೇ.

2009–10ರಲ್ಲಿ ನಲಿಕಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ವಿಸ್ತರಿಸಿತು. ಆದರೆ ಕಾರ್ಡುಗಳು ಹರಿದು ಹೊಸವು ಬಾರದಿದ್ದರೆ, ಒಬ್ಬರೇ ಶಿಕ್ಷಕರ ಮೇಲೆ ಹೊರೆ ಹೆಚ್ಚಿದರೆ ಏಣಿ ಗೋಡೆಗಷ್ಟೇ ಸೀಮಿತವಾಗುತ್ತದೆ.