ಹೆದ್ದಾರಿ ಬಿಟ್ಟು ಅರೆತಿಪ್ಪೂರಿಗೆ

ಮೈಸೂರು ಹೆದ್ದಾರಿಯಲ್ಲಿ ಓಡಾಡುವವರಿಗೆ ಮದ್ದೂರು ಅಂದರೆ ವಡೆ, ಗೆಜ್ಜಲಗೆರೆ ಅಂದರೆ ಮನ್‌ಮುಲ್ ಹಾಲಿನ ಡೇರಿ. ಇವತ್ತು ಮದ್ದೂರಿನಲ್ಲಿ ಆ ಹೆದ್ದಾರಿ ಬಿಟ್ಟು ಮಳವಳ್ಳಿ ರಸ್ತೆ ಹಿಡಿಯೋಣ. ಎರಡೂ ಕಡೆ ಕಬ್ಬು, ಭತ್ತದ ಗದ್ದೆ. ಕೆ.ಎಂ.ದೊಡ್ಡಿಯಲ್ಲಿ ಸಕ್ಕರೆ ಕಾರ್ಖಾನೆ. ಕಬ್ಬು ಅರೆಯುವ ಕಾಲವಾದರೆ ಗಾಡಿಗಳ ಸಾಲು ದಾಟಿಕೊಂಡೇ ಮುಂದೆ ಹೋಗಬೇಕು. ಅಲ್ಲಿಗೆ ಹತ್ತಿರದಲ್ಲೇ ಅರೆತಿಪ್ಪೂರು.

ಊರ ಬಳಿ ಎರಡು ಪುಟ್ಟ ಬೆಟ್ಟ. ಸವಣಪ್ಪನ ಬೆಟ್ಟದ ನೆತ್ತಿಯಲ್ಲಿ ಸುಮಾರು ಹತ್ತು ಅಡಿಯ ಬಾಹುಬಲಿ ಬಯಲಲ್ಲೇ ನಿಂತಿದ್ದಾನೆ. ಗಂಗರ ಕಾಲದವನು, ಶ್ರವಣಬೆಳಗೊಳದ 58 ಅಡಿಯ ಗೊಮ್ಮಟನಿಗಿಂತ ಹಿರಿಯನೆಂದು ಹೇಳುವವರೂ ಉಂಟು. ಬೆಳಗೊಳದಲ್ಲಿ ತಲೆಯೆತ್ತಿ ನೋಡಬೇಕು, ಇಲ್ಲಿ ಹತ್ತಿರ ಹೋಗಿ ಮುಖ ನೋಡಬಹುದು. ನನಗೆ ಈ ಹತ್ತಿರವೇ ಹೆಚ್ಚು ಇಷ್ಟ. ಎದುರಿನ ಕನಕಗಿರಿಯಲ್ಲಿ ಬಸದಿಗಳ ಅಳಿದುಳಿದ ತಳಪಾಯವಿದೆ. ತಲಕಾಡಿನಿಂದ ಚೋಳರನ್ನು ಓಡಿಸಿದ ಹೊಯ್ಸಳ ದಂಡನಾಯಕ ಗಂಗರಾಜ ಈ ತಿಪ್ಪೂರನ್ನು ಜೈನ ಮುನಿಗಳಿಗೆ ದತ್ತಿ ಬಿಟ್ಟದ್ದನ್ನು 1117ರ ಶಾಸನ ಹೇಳುತ್ತದೆ.

ಇಂಥ ಬೆಟ್ಟದ ಸುತ್ತ ಕಲ್ಲು ಗಣಿಗಾರಿಕೆ ನಡೆದದ್ದು ನೆನೆದರೆ ಹೊಟ್ಟೆ ಉರಿಯುತ್ತದೆ. ಜಲ್ಲಿ ಬೇರೆಲ್ಲಾದರೂ ಸಿಕ್ಕೀತು, ಈ ಬಾಹುಬಲಿ ಸಿಗುವುದಿಲ್ಲ. ಸುತ್ತಲಿನ ಶಾಲೆಗಳ ಮೇಷ್ಟ್ರುಗಳು ವರ್ಷಕ್ಕೊಮ್ಮೆಯಾದರೂ ಮಕ್ಕಳನ್ನು ಕರೆತಂದು ತೋರಿಸಬೇಕು.

ಸುತ್ತಲಿನ ಊರುಗಳೇನು ಕಡಿಮೆಯಲ್ಲ. ಚಿಕ್ಕರಸಿನಕೆರೆಯ ದೇವರ ಬಸವ, ಬಸಪ್ಪನ ಮುಂದೆ ಜನ ಇವತ್ತಿಗೂ ತಮ್ಮ ಕಷ್ಟ, ವ್ಯಾಜ್ಯ ತಂದು ನಿಲ್ಲುತ್ತಾರೆ. ಇದೇ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಒಂದು ನಾಯಿಗೆ ನಿಲ್ಲಿಸಿದ ಕಲ್ಲಿತ್ತು. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರನಿಗೆ ಗಂಗ ದೊರೆ ಬೂತುಗ ಮೆಚ್ಚಿ, ಬೇಕಾದ್ದು ಕೇಳು ಅಂದ. ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ದೊರೆಯ ಬೇಟೆನಾಯಿ ಕಾಳಿಯನ್ನು ಕೇಳಿದ. ಬೆಳತೂರಿನ ಪಡುವಣ ಮೊರಡಿಯ ಮೇಲೆ ಕಾಳಿ ದೊಡ್ಡ ಹಂದಿಯ ಮೇಲೆ ಬಿದ್ದು, ಎರಡೂ ಸತ್ತವು. ಕಲ್ಲಿನಲ್ಲಿ ನಾಯಿ, ಹಂದಿ ಮುಖಾಮುಖಿ ಸೆಣಸುತ್ತಿವೆ. ಪೂಜೆಗೆ ಭೂಮಿಯನ್ನೂ ಬಿಟ್ಟರು. ಆ ಭೂಮಿ ಉಣ್ಣುವ ಗೊರವ, ಅಂದರೆ ಪೂಜಾರಿ, ಕಲ್ಲನ್ನು ಪೂಜಿಸದೆ ಊಟ ಮಾಡಿದರೆ ನಾಯಿ ಮಾಡಿದ ಪಾಪವೆಲ್ಲ ಅವನಿಗೇ ಎಂದು ಬರೆಸಿದರು. 949ರ ಸುಮಾರಿನ ಈ ಕಲ್ಲು ಈಗ ಆತಕೂರಿನಲ್ಲಿಲ್ಲ. ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅರೆತಿಪ್ಪೂರಿಗೆ ಬರುವವರು ಬೆಂಗಳೂರಿನವರಾದರೆ ಮೊದಲು ಅದನ್ನು ನೋಡಿಕೊಂಡೇ ಹೊರಡಿ.