ಪುಕ್ಕಟೆ ಇಂಟರ್ನೆಟ್ಟಿಗೆ ದುಡ್ಡು ತೆತ್ತವರು ಯಾರು?

(ಕಾರ್ಯಕರ್ತರ ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣ)



ಇಂದು ನಾನು ಹೇಳಹೊರಟಿರುವುದು ಇಂಗ್ಲೆಂಡಿನಲ್ಲಿ ಕಾಲು ಶತಮಾನದ ಹಿಂದೆ ನಡೆದ ಒಂದು ವ್ಯಾಪಾರದ ಸಂಗತಿ. ವ್ಯಾಪಾರಗಾರರ ಕಥೆ ನಮಗೇಕೆ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಮಾರುವ ಸರಕು ಪುಕ್ಕಟೆ, ಮಾರುವ ಕಂಪೆನಿಯ ಬೆಲೆ ಮಾತ್ರ ನೂರಾರು ಕೋಟಿ! ಇಂಥದು ಕಣ್ಣಿಗೆ ಬಿದ್ದಾಗ ಅದರ ಖಾತೆ ಪುಸ್ತಕ ಬಿಚ್ಚಿ ನೋಡದೆ ಬಿಡುವುದು ನಮಗೆ ತರವಲ್ಲ.

ಇಲ್ಲಿರುವ ಹುಡುಗರಿಗೆ ಒಂದು ಮಾತು ಮೊದಲೇ ಹೇಳಬೇಕು. ಆಗ ಮನೆಯಲ್ಲಿ ಇಂಟರ್ನೆಟ್ ಬೇಕೆಂದರೆ ಕಂಪ್ಯೂಟರಿಗೆ ಮೋಡೆಮ್ ಎಂಬ ಪೆಟ್ಟಿಗೆ ಜೋಡಿಸಿ, ಮಾಮೂಲಿ ಟೆಲಿಫೋನು ತಂತಿಯ ಮೇಲೆ ಒಂದು ನಂಬರಿಗೆ ಕರೆ ಮಾಡಬೇಕಿತ್ತು. ಕೀರಲು ಸದ್ದು ಮುಗಿದ ಮೇಲೆ ಸಂಪರ್ಕ. ನೀವು ಓದುತ್ತ ಕುಳಿತಷ್ಟು ಹೊತ್ತೂ ಅದು ಒಂದು ಟೆಲಿಫೋನು ಕರೆ. ಇಂಗ್ಲೆಂಡಿನಲ್ಲಿ ಊರೊಳಗಿನ ಕರೆಗೂ ನಿಮಿಷದ ಲೆಕ್ಕ: ಹಗಲು ಸುಮಾರು 4 ಪೆನ್ಸ್, ಸಂಜೆ ಒಂದೂವರೆ, ಶನಿವಾರ ಭಾನುವಾರ 1 ಪೆನ್ಸ್. ಇದಲ್ಲದೆ ಇಂಟರ್ನೆಟ್ ಒದಗಿಸುವ ಸಂಸ್ಥೆಗೆ ಬೇರೆ ಚಂದಾ. 1992ರಲ್ಲಿ ಡೀಮನ್ ಎಂಬ ಸಂಸ್ಥೆ ತಿಂಗಳಿಗೆ 10 ಪೌಂಡಿಗೆ ಕೊಟ್ಟಾಗ ಜನ ಅದನ್ನೇ ಅಗ್ಗವೆಂದರು.

1998ರ ಸೆಪ್ಟೆಂಬರಿನಲ್ಲಿ ರೇಡಿಯೊ, ಟಿ.ವಿ., ಕಂಪ್ಯೂಟರು ಮಾರುವ ಡಿಕ್ಸನ್ಸ್ ಕಂಪೆನಿ 'ಫ್ರೀಸರ್ವ್' ಎಂಬುದನ್ನು ಹೊರಡಿಸಿತು. ಅಂಗಡಿಗೆ ಹೋದವರಿಗೆಲ್ಲ ಕೌಂಟರಿನಲ್ಲಿ ಒಂದು ಸಿ.ಡಿ. ಬಿಟ್ಟಿ. ಮನೆಗೊಯ್ದು ಕಂಪ್ಯೂಟರಿಗೆ ಹಾಕಿದರೆ ಸಾಕು, ಚಂದಾ ಇಲ್ಲ, ಕರಾರಿಲ್ಲ. ಕೆಲವೇ ತಿಂಗಳಲ್ಲಿ ಹತ್ತು ಲಕ್ಷಕ್ಕೂ ಮೀರಿ ಜನ ಸೇರಿದರು. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಲ್ಲಿ ಮೊಳ ಹಾಕಿದರು ಎಂದು ಗಾದೆ ನಮ್ಮನ್ನು ಹಂಗಿಸುತ್ತದೆ. ಹಂಗಿಸಲಿ. ಈ ದಟ್ಟಿಗೆ ಮೊಳ ಹಾಕಲೇಬೇಕು.

ಗುಟ್ಟು ಇದ್ದದ್ದು ಕರೆ ಮಾಡುವ ನಂಬರಿನಲ್ಲಿ. ಗಿರಾಕಿಯ ಮನೆಯಿಂದ ಹೊರಟ ಕರೆ ಬ್ರಿಟಿಷ್ ಟೆಲಿಕಾಂ, ಅಂದರೆ ಬಿ.ಟಿ.ಯ, ತಂತಿಯ ಮೇಲೆ ಹೊರಡುತ್ತಿತ್ತು. ಹೋಗಿ ಮುಟ್ಟುತ್ತಿದ್ದುದು ಎನರ್ಜಿಸ್ ಎಂಬ ಇನ್ನೊಂದು ಟೆಲಿಫೋನು ಕಂಪೆನಿಯ ಜಾಲಕ್ಕೆ. (ವಿದ್ಯುತ್ ಸಾಗಿಸುವ ಗೋಪುರಗಳ ಮೇಲೆಯೇ ಗಾಜಿನೆಳೆ ಹಾಯಿಸಿ ಕಟ್ಟಿದ ಜಾಲ ಅದು.) ಒಬ್ಬರ ಸೀಮೆಯಿಂದ ಇನ್ನೊಬ್ಬರ ಸೀಮೆಗೆ ಕರೆ ದಾಟಿದರೆ ನಡುವೆ ಸುಂಕದ ಕಟ್ಟೆ. ಗಿರಾಕಿ ಕೊಟ್ಟ ನಿಮಿಷದ ದುಡ್ಡಿನಲ್ಲಿ ಬಿ.ಟಿ. ತನ್ನ ಪಾಲು ಹಿಡಿದುಕೊಂಡು ಮಿಕ್ಕದ್ದನ್ನು ಎನರ್ಜಿಸ್ಸಿಗೆ ಕೊಡಬೇಕು. ಎನರ್ಜಿಸ್ ಅದರಲ್ಲಿ ಒಂದು ಭಾಗವನ್ನು ಫ್ರೀಸರ್ವ್‌ಗೆ ಕೊಡುತ್ತಿತ್ತು. ಅಷ್ಟಲ್ಲದೆ, ಯಂತ್ರ ಕೆಟ್ಟು ಸಲಹೆ ಕೇಳಲು ಕರೆ ಮಾಡಿದರೆ ಆ ನಂಬರಿಗೆ ಇನ್ನೂ ದುಬಾರಿ ದರ!

ಲೆಕ್ಕ ಹಾಕಿ ನೋಡಿ. ದಿನಾ ಸಂಜೆ ಒಂದು ಗಂಟೆ ಎಂದರೆ 90 ಪೆನ್ಸ್. ಶನಿವಾರ ಭಾನುವಾರದ ಕಡಿಮೆ ದರ ಹಿಡಿದರೂ ಮೂವತ್ತು ದಿನಕ್ಕೆ ಸುಮಾರು 24 ಪೌಂಡು. ಅದೇ ಒಂದು ಗಂಟೆಯನ್ನು ಹಗಲು ಹೊತ್ತಿನಲ್ಲಿ ಕೂತರೆ 2 ಪೌಂಡು 40 ಪೆನ್ಸ್. ಹಗಲು ಮನೆಯಲ್ಲಿರುವವರು ಯಾರು? ಕೆಲಸ ಹುಡುಕುವವನು, ಮುದುಕರು, ಮಕ್ಕಳ ತಾಯಿ. ಕಚೇರಿಯಲ್ಲಿ ಕುಳಿತವನಿಗೆ ಆ ಬಿಲ್ಲು ಕಂಪೆನಿಯದು.

ನ್ಯಾಯವಾಗಿ ಹೇಳಬೇಕಾದರೆ ಜನರಿಗೆ ತಿಂಗಳ 10 ಪೌಂಡು ಉಳಿದದ್ದು ನಿಜ, ಹಿಂದೆ ಇಂಟರ್ನೆಟ್ ಕಾಣದ ಮನೆಗಳಿಗೆ ಅದು ಬಂದದ್ದೂ ನಿಜ. ಆದರೆ ಇದರಿಂದ ಇನ್ನೊಂದು ವಿಷಯ ಬಯಲಾಯಿತು. ಒಂದು ನಿಮಿಷದ ಕರೆಯ ಚೂರಿನಲ್ಲಿ ಒಂದು ಇಡೀ ಸಂಸ್ಥೆ ಹೊಟ್ಟೆ ಹೊರೆಯಬಲ್ಲದಾದರೆ, ಆ ನಿಮಿಷಕ್ಕೆ ತಗಲುವ ನಿಜವಾದ ಖರ್ಚೆಷ್ಟು? ತಂತಿ ನೆಲದಲ್ಲಿ ಹೂತು ಎಷ್ಟೋ ವರ್ಷವಾಗಿತ್ತು. ಅದರಲ್ಲಿ ಬಹುಪಾಲನ್ನು ಹೂತದ್ದು ಟೆಲಿಫೋನು ಅಂಚೆ ಇಲಾಖೆಯ ಕೈಯಲ್ಲಿದ್ದ ಕಾಲದಲ್ಲಿ, ಸಾರ್ವಜನಿಕರ ಹಣದಿಂದ. 1984ರಲ್ಲಿ ಬಿ.ಟಿ.ಯ ಅರ್ಧಕ್ಕಿಂತ ಹೆಚ್ಚು ಷೇರುಗಳನ್ನು ಸರ್ಕಾರ ಮಾರಿತು. ಮಾರಿದ ಮೇಲೂ ಗಡಿಯಾರ ಓಡುತ್ತಲೇ ಇತ್ತು, ಮಾಲೀಕ ಮಾತ್ರ ಬದಲಾಗಿದ್ದ.

ಬಳಕೆದಾರರು ಸುಮ್ಮನಿರಲಿಲ್ಲ. ನಿಮಿಷದ ಮೀಟರು ಬೇಡ, ತಿಂಗಳಿಗೆ ಇಷ್ಟೆಂದು ಗೊತ್ತುಮಾಡಿ ಎಂದು 1998ರಲ್ಲೇ ಸಂಘ ಕಟ್ಟಿ ಚಳವಳಿ ಹೂಡಿದರು. ಪುಕ್ಕಟೆ ಸಂಸ್ಥೆಗಳ ಇಕ್ಕಟ್ಟು ಇಲ್ಲಿ ಕಾಣುತ್ತದೆ: ಗಡಿಯಾರ ಓಡಿದಷ್ಟೂ ಅವುಗಳಿಗೆ ವರಮಾನ, ನಿಂತರೆ ಸುಂಕದ ಪಾಲೂ ನಿಂತಿತು.

2000ದ ಮಾರ್ಚಿನಲ್ಲಿ ಆಲ್ಟಾವಿಸ್ಟಾ ಎಂಬ ಅಮೆರಿಕದ ಕಂಪೆನಿ ಮೀಟರಿಲ್ಲದ ಇಂಟರ್ನೆಟ್ ಕೊಡುವೆನೆಂದು ಇಂಗ್ಲೆಂಡಿನಲ್ಲಿ ಡಂಗುರ ಹೊಡೆಯಿತು. ಆಗಸ್ಟಿನಲ್ಲಿ ಸತ್ಯ ಹೊರಬಿತ್ತು. ಒಬ್ಬನೇ ಒಬ್ಬ ಗಿರಾಕಿಗೂ ಕೊಟ್ಟಿರಲಿಲ್ಲ! ಕೊಡುವುದಾದರೂ ಹೇಗೆ? ಚಿಲ್ಲರೆಯಲ್ಲಿ ತಿಂಗಳಿಗಿಷ್ಟೆಂದು ಮಾರಬೇಕು, ಬಿ.ಟಿ.ಗೆ ಸಗಟಿನಲ್ಲಿ ನಿಮಿಷ ನಿಮಿಷಕ್ಕೂ ತೆರಬೇಕು. ಗಿರಾಕಿ ಹಗಲಿರುಳು ತಂತಿ ಬಿಡದಿದ್ದರೆ ಅಂಗಡಿ ಮುಳುಗಿತು. ಬೀಗವಿದ್ದದ್ದು ಈ ಸಗಟು ದರದಲ್ಲಿ. ಅದೇ ವರ್ಷದ ಮೇ ತಿಂಗಳಲ್ಲಿ ಟೆಲಿಫೋನು ವ್ಯವಹಾರದ ಮೇಲ್ವಿಚಾರಣೆಯ ಸರ್ಕಾರಿ ಕಚೇರಿ ಆಫ್ಟೆಲ್, ಬಿ.ಟಿ.ಯು ಇತರ ಟೆಲಿಫೋನು ಕಂಪೆನಿಗಳಿಗೆ ಸಗಟಿನಲ್ಲೂ ಗೊತ್ತಾದ ದರಕ್ಕೇ ದಾರಿ ಕೊಡಬೇಕೆಂದು ಆಜ್ಞೆ ಮಾಡಿತು. ಅದು ಜಾರಿಗೆ ಬಂದಂತೆ ತಿಂಗಳ ದರದ ಸಂಪರ್ಕಗಳು ನಿಜವಾಗಿ ದೊರೆಯತೊಡಗಿದವು. ಸಂತೆಯ ಪೈಪೋಟಿಯಿಂದ ತಾನಾಗಿ ಆದದ್ದೆಂದು ಇದನ್ನು ಹೊಗಳುವವರಿದ್ದಾರೆ. ಆಜ್ಞೆಯ ತಾರೀಖು ಅವರಿಗೆ ಮರೆತಿರಬೇಕು.

ಇನ್ನು ಫ್ರೀಸರ್ವ್. 1999ರ ಜುಲೈಯಲ್ಲಿ ಅದರ ಷೇರುಗಳು ಪೇಟೆಗೆ ಬಂದಾಗ ಕಂಪೆನಿಗೆ ಕಟ್ಟಿದ ಬೆಲೆ ಸುಮಾರು 150 ಕೋಟಿ ಪೌಂಡು. 2000ದ ಕೊನೆಗೆ ಅದನ್ನು ಫ್ರೆಂಚ್ ಟೆಲಿಫೋನು ಕಂಪೆನಿಯ ಅಂಗಸಂಸ್ಥೆ ವನಾಡೂ ಕೊಂಡಿತು. ಟೆಲಿಫೋನಿನ ಸುಂಕದಲ್ಲಿ ಬೆಳೆದದ್ದು ಟೆಲಿಫೋನಿನವರ ಮನೆಗೇ ಸೇರಿತು.

ಅಮೆರಿಕದಲ್ಲಿ ಆಟ ಬೇರೆ. ಅಲ್ಲಿ ಬಹುತೇಕ ಮನೆಗಳ ಊರೊಳಗಿನ ಕರೆಗೆ ನಿಮಿಷದ ದರವಿರಲಿಲ್ಲವಾಗಿ, ನೆಟ್‌ಜೀರೊದಂಥ ಪುಕ್ಕಟೆ ಸಂಸ್ಥೆಗಳು ಪರದೆಯ ಮೇಲೆ ಜಾಹೀರಾತು ತೂಗುಹಾಕಿ ಬದುಕಿದವು. ಆದರೆ 1996ರ ಕಾಯಿದೆಯಂತೆ ಕಂಪೆನಿ ಕಂಪೆನಿಗಳ ನಡುವೆ ಸುಂಕವಿತ್ತು. ಇಂಟರ್ನೆಟ್ ಸಂಸ್ಥೆ ದಿನವಿಡೀ ಕರೆ ಸ್ವೀಕರಿಸುತ್ತದೆ, ತಾನಾಗಿ ಯಾರಿಗೂ ಕರೆ ಮಾಡುವುದಿಲ್ಲ. ಅದನ್ನು ಕಂಡ ಹೊಸ ಟೆಲಿಫೋನು ಕಂಪೆನಿಗಳು ಇಂಥ ಸಂಸ್ಥೆಗಳನ್ನೇ ಗಿರಾಕಿಗಳಾಗಿ ಹಿಡಿದು, ಹಳೆಯ ದೊಡ್ಡ ಕಂಪೆನಿಗಳಿಂದ ಸುಂಕ ಬಾಚಿದವು. 2001ರಲ್ಲಿ ಅಲ್ಲಿನ ಸರ್ಕಾರಿ ಆಯೋಗ ಆ ದರವನ್ನು ಹಂತ ಹಂತವಾಗಿ ಇಳಿಸಿತು.

ನಮ್ಮ ದೇಶಕ್ಕೆ ಬನ್ನಿ. 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮ ಜನರಿಗೆ ಇಂಟರ್ನೆಟ್ ತೆರೆದಾಗ, ಸಂಪರ್ಕ ಕೇಂದ್ರವಿಲ್ಲದ ನಮ್ಮಂಥ ಊರಿನವರು ಎಸ್.ಟಿ.ಡಿ. ಕರೆ ಮಾಡಿಯೇ ಅದನ್ನು ಮುಟ್ಟಬೇಕಿತ್ತು. ಪುಕ್ಕಟೆಯ ದೊಡ್ಡ ಹಬ್ಬ ಬಂದದ್ದು 2016ರ ಸೆಪ್ಟೆಂಬರಿನಲ್ಲಿ, ಜಿಯೋ ಜೊತೆಗೆ. ಇಲ್ಲಿ ಸುಂಕ ತಿರುಗುಮುರುಗು: ಪುಕ್ಕಟೆ ಕೊಟ್ಟವನೇ, ತನ್ನ ಗಿರಾಕಿಗಳು ಬೇರೆ ಕಂಪೆನಿಯವರಿಗೆ ಕರೆ ಮಾಡಿದಾಗ ನಿಮಿಷಕ್ಕೆ 14 ಪೈಸೆ ತೆರಬೇಕು. 2017ರ ಅಕ್ಟೋಬರಿನಿಂದ ಟ್ರಾಯ್ ಅದನ್ನು 6 ಪೈಸೆಗೆ ಇಳಿಸಿತು. 2019ರ ಅಕ್ಟೋಬರಿನಲ್ಲಿ ಜಿಯೋ ಆ 6 ಪೈಸೆಯನ್ನು ಗಿರಾಕಿಗಳ ಮೇಲೆಯೇ ಹೊರಿಸಿತು. 2021ರ ಜನವರಿ 1ರಿಂದ ಸುಂಕವೇ ಸೊನ್ನೆ. ಈ ನಡುವೆ ಎಷ್ಟು ಕಂಪೆನಿಗಳು ಬಾಗಿಲು ಹಾಕಿದವು, ಎಷ್ಟು ಒಂದರಲ್ಲೊಂದು ಕರಗಿದವು ಎಂಬುದು ನಿಮ್ಮ ಹಳೆಯ ಸಿಮ್ ಕಾರ್ಡುಗಳನ್ನು ಎಣಿಸಿದರೆ ತಿಳಿಯುತ್ತದೆ. 2024ರ ಜುಲೈಯಲ್ಲಿ ಜಿಯೋ, ಏರ್‌ಟೆಲ್, ವೊಡಾಫೋನ್ ಐಡಿಯಾ ಮೂರೂ ಒಂದರ ಬೆನ್ನಿಗೊಂದು ದರ ಏರಿಸಿದವು. ಆಗ ಏರಿಸದೆ ಉಳಿದದ್ದು ಸರ್ಕಾರದ ಬಿ.ಎಸ್.ಎನ್.ಎಲ್. ಸಿಗ್ನಲ್ ಸಿಕ್ಕದೆಂದು ಬೈಯುತ್ತಲೇ ಲಕ್ಷಾಂತರ ಜನ ಅದರ ಬಾಗಿಲಿಗೆ ಬಂದರು.