ಸೆರೆಮನೆಯ ಹೊರಗಿನ ದಂಡನೆ
(ಶ್ರೀಮಠದ ಸುವರ್ಣಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)

 

ಈ ಮಂಗಲ ಸಮಾರಂಭದಲ್ಲಿ ಶಿವಾನುಭವವನ್ನೂ ಶರಣರ ಚರಿತ್ರೆಯನ್ನೂ ಕುರಿತು ಪಂಡಿತರು ಮಾತನಾಡಿರುವರು. ನಾನಾದರೋ ನ್ಯಾಯಾಲಯದ ಕಾಗದಪತ್ರಗಳ ನಡುವೆ ಆಯುಷ್ಯವನ್ನು ಕಳೆದವನು. ಆದುದರಿಂದ ನನಗೆ ತಿಳಿದ ಒಂದು ವಿಷಯವನ್ನೇ, ಎಂದರೆ ತಪ್ಪು ಮಾಡಿದವನನ್ನು ಸೆರೆಮನೆಗೆ ಕಳುಹದೆ ತಿದ್ದುವ ಮಾರ್ಗವನ್ನು ಕುರಿತು, ಅರಿಕೆ ಮಾಡಿಕೊಳ್ಳಲು ಅಪ್ಪಣೆ ಬೇಡುತ್ತೇನೆ. ಉತ್ಸವದ ಮನೆಯಲ್ಲಿ ಸೆರೆಮನೆಯ ಮಾತೇಕೆ ಎಂದು ಕೆಲವರಿಗೆ ತೋರಬಹುದು. ಆದರೆ ಈ ಮಾತು ಮಠಕ್ಕೆ ಹೊರಗಿನದಲ್ಲವೆಂಬುದೇ ನನ್ನ ಬಿನ್ನಹ.

ಉರಿಲಿಂಗಪೆದ್ದಿಗಳ ಕಥೆ ನಮ್ಮಲ್ಲಿ ಯಾರಿಗೆ ತಿಳಿಯದು? ಪೆದ್ದಣ್ಣನು ಕಳವಿನಿಂದ ಬದುಕುತ್ತಿದ್ದನು. ಕನ್ನವಿಕ್ಕಲು ಹೋದ ಮನೆಯಲ್ಲಿ ಉರಿಲಿಂಗದೇವರು ಭಕ್ತನೊಬ್ಬನಿಗೆ ಲಿಂಗದೀಕ್ಷೆಯನ್ನು ಕೊಡುತ್ತಿದ್ದುದನ್ನು ಕಂಡು ಅವನ ಮನಸ್ಸು ತಿರುಗಿತು; ಅಲ್ಲಿಂದ ಮುಂದೆ ನಿತ್ಯವೂ ಒಂದು ಹೊರೆ ಸೌದೆಯನ್ನು ಹೊತ್ತು ತಂದು ಗುರುವಿನ ಮಠಕ್ಕೆ ಹಾಕುತ್ತಿದ್ದನು; ಕಡೆಗೆ ಆ ಗುರುವಿನ ಪೀಠಕ್ಕೇ ಒಡೆಯನಾದನು. ಪರಂಪರೆಯು ಹೀಗೆ ಹೇಳುತ್ತದೆ. ಈ ಕಥೆಯಲ್ಲಿ ಸೆರೆಮನೆಯ ಗೋಡೆಯಿಲ್ಲ. ಇರುವುವು ಮೂರು: ತಾನು ಕೆಟ್ಟೆನೆಂಬ ಅರಿವು, ದಿನದಿನವೂ ಹೊರಬೇಕಾದ ಹೊರೆ, ಆ ಹೊರೆಯನ್ನು ಇಳುಹಲು ತೆರೆದಿದ್ದ ಒಂದು ಬಾಗಿಲು. ಇಂದಿನ ಕಾಯಿದೆಯು ತನ್ನ ಒಣಮಾತಿನಲ್ಲಿ ಪ್ರೊಬೇಷನ್ ಅಥವಾ ಪರಿವೀಕ್ಷಣೆ ಎಂದೂ, ಸಮುದಾಯ ಸೇವೆ ಎಂದೂ ಕರೆಯುವುದು ಈ ಮೂರನ್ನೇ.

ಸೆರೆಮನೆಯು ಬೇಡವೇ ಬೇಡವೆಂದು ನಾನು ಹೇಳುವವನಲ್ಲ. ಕೊಲೆಗಡುಕನಿಂದಲೂ, ಸ್ತ್ರೀಯರ ಮೇಲೆ ಕೈಮಾಡುವ ದುಷ್ಟನಿಂದಲೂ ಜನರನ್ನು ಕಾಪಾಡತಕ್ಕದ್ದು ಅರಸನ ಧರ್ಮ. ಆದರೆ ಸೆರೆಮನೆಗೆ ಹೋಗುವವರೆಲ್ಲರೂ ಅಂಥವರಲ್ಲ. 2022ರ ಕೊನೆಗೆ ನಮ್ಮ ದೇಶದ ಸೆರೆಮನೆಗಳಲ್ಲಿ 5,73,220 ಮಂದಿ ಇದ್ದರು. ಅಲ್ಲಿದ್ದ ಸ್ಥಳವಾದರೋ 4,36,266 ಮಂದಿಗೆ ಮಾತ್ರ. ಇಂಥ ಇಕ್ಕಟ್ಟಿನಲ್ಲಿ ಮೊದಲ ಸಲ ಎಡವಿದ ಹುಡುಗನೂ ಕಳವನ್ನೇ ಕಸುಬು ಮಾಡಿಕೊಂಡವನೂ ಒಂದೇ ಸೂರಿನಡಿಯಲ್ಲಿ ಮಲಗುವರು. ಆರು ತಿಂಗಳು ಕಳೆದು ಹೊರಬರುವಾಗ ಹುಡುಗನು ಕಲಿತುಬರುವುದು ಏನನ್ನು? ಇತ್ತ ಮನೆಯಲ್ಲಿ ತಾಯಿ ಸಾಲಮಾಡಿರುವಳು, ಕೆಲಸ ಕೈತಪ್ಪಿರುವುದು, ಊರವರ ನಾಲಗೆಯಲ್ಲಿ ಹೆಸರು ಕೆಟ್ಟಿರುವುದು. ತಪ್ಪಿಗೆ ದಂಡನೆ ಆರು ತಿಂಗಳು. ಅದರ ಫಲ ಜೀವಮಾನವಿಡೀ.

ಈ ಅನ್ಯಾಯವನ್ನು ಮೊದಲು ಮನಗಂಡು ಕೈಹಚ್ಚಿದವನು ನ್ಯಾಯಾಧೀಶನಲ್ಲ, ಮಂತ್ರಿಯಲ್ಲ, ಒಬ್ಬ ಸಮಗಾರ. ಅಮೆರಿಕ ದೇಶದ ಬಾಸ್ಟನ್ ನಗರದಲ್ಲಿ ಜಾನ್ ಆಗಸ್ಟಸ್ ಎಂಬವನು ಪಾದರಕ್ಷೆಗಳನ್ನು ಮಾಡಿ ಬದುಕುತ್ತಿದ್ದನು. 1841ರಲ್ಲಿ ಒಂದು ದಿನ ಪೋಲೀಸು ನ್ಯಾಯಾಲಯದಲ್ಲಿ ಕುಳಿತಿರುವಾಗ ಕುಡುಕನೊಬ್ಬನನ್ನು ಎಳೆತಂದರು. ಇನ್ನು ಕುಡಿಯೆನೆಂದು ಅವನು ಮಾತುಕೊಟ್ಟ ಮೇಲೆ ಆಗಸ್ಟಸನು ಅವನಿಗೆ ತಾನೇ ಜಾಮೀನಾದನು. ಮೂರು ವಾರಗಳ ತರುವಾಯ ಅವನನ್ನು ಮರಳಿ ನ್ಯಾಯಾಲಯಕ್ಕೆ ಕರೆತಂದಾಗ ಗುರುತೇ ಸಿಗದಷ್ಟು ಬದಲಾಗಿದ್ದನು. ನ್ಯಾಯಾಧೀಶನು ಒಂದು ಸೆಂಟು ದಂಡವನ್ನೂ ನ್ಯಾಯಾಲಯದ ವೆಚ್ಚವನ್ನೂ ವಿಧಿಸಿ ಬಿಟ್ಟುಕೊಟ್ಟನು. ಆಗಸ್ಟಸನು 1859ರಲ್ಲಿ ತೀರಿಕೊಳ್ಳುವುದರೊಳಗಾಗಿ ಹೀಗೆ ಹೊಣೆಹೊತ್ತು ಬಿಡಿಸಿದವರ ಸಂಖ್ಯೆ ಹೆಚ್ಚು ಕಡಿಮೆ ಎರಡು ಸಾವಿರ. ಅವನಿಗೆ ಸಂಬಳವಿರಲಿಲ್ಲ, ಅಧಿಕಾರವಿರಲಿಲ್ಲ. ಹರಳಯ್ಯನ ಕಾಯಕವನ್ನು ಕೊಂಡಾಡುವ ನಮಗೆ ಈ ದೂರದೇಶದ ಸಮಗಾರನು ಪರಕೀಯನೆಂದು ತೋರಲಾರನು. ಅವನು ನಡೆದುತೋರಿದ ದಾರಿಯನ್ನು ಮ್ಯಾಸಚೂಸೆಟ್ಸ್ ಸಂಸ್ಥಾನವು 1878ರಲ್ಲಿ ಕಾಯಿದೆಯಾಗಿ ಮಾಡಿತು. ಇಂಗ್ಲೆಂಡು 1907ರಲ್ಲಿ ಅದನ್ನು ಅನುಸರಿಸಿತು.

ನಮ್ಮ ನಾಡಿಗೂ ಇದು ಬಹಳ ತಡವಾಗಿ ಬಂದುದಲ್ಲ. ಧಾರವಾಡ, ಬೆಳಗಾವಿ, ವಿಜಾಪುರಗಳು ಮುಂಬಯಿ ಪ್ರಾಂತದಲ್ಲಿದ್ದಾಗಲೇ, 1938ರಲ್ಲಿ, ಆ ಪ್ರಾಂತಕ್ಕೆ ಪರಿವೀಕ್ಷಣೆಯ ಕಾಯಿದೆಯೊಂದು ಆಗಿತ್ತು. ಸ್ವಾತಂತ್ರ್ಯಾನಂತರ 1958ರಲ್ಲಿ ಭಾರತದ ಸಂಸತ್ತು ಅಪರಾಧಿಗಳ ಪರಿವೀಕ್ಷಣಾ ಕಾಯಿದೆಯನ್ನು ಮಾಡಿತು. ಇಂದಿಗೂ ಅದೇ ಆಧಾರ. ಅದು ನಡೆಯುವ ಬಗೆಯನ್ನು ಒಂದು ನಿದರ್ಶನದಿಂದ ವಿವರಿಸುತ್ತೇನೆ.

ಹತ್ತೊಂಬತ್ತು ವರ್ಷದ ತರುಣನೊಬ್ಬನು ನೆರೆಹೊಲದವರ ಬಾವಿಯ ಪಂಪನ್ನು ಕದ್ದು ಮಾರಿದನೆಂದು ಭಾವಿಸೋಣ. ಅಪರಾಧವು ರುಜುವಾತಾಯಿತು. ಅವನಿಗೆ ಇನ್ನೂ 21 ತುಂಬಿಲ್ಲವಾದುದರಿಂದ ಅವನನ್ನು ನೆಟ್ಟಗೆ ಸೆರೆಮನೆಗೆ ಕಳುಹುವಂತಿಲ್ಲ. ಕಳುಹಲೇಬೇಕಾದರೆ ಏಕೆಂಬ ಕಾರಣವನ್ನು ನ್ಯಾಯಾಧೀಶರು ಬರೆದಿಡಬೇಕು. ಅದಕ್ಕೂ ಮುನ್ನ ಪರಿವೀಕ್ಷಣಾಧಿಕಾರಿಯ ವರದಿಯನ್ನು ತರಿಸಬೇಕು. ಅಧಿಕಾರಿಯು ಹುಡುಗನ ಊರಿಗೆ ಹೋಗಿ ವಿಚಾರಿಸುವನು: ತಂದೆ ಇರುವನೇ, ಮನೆಯಲ್ಲಿ ದುಡಿಯುವವರಾರು, ಹುಡುಗನ ಸಂಗಡಿಗರಾರು, ಕುಡಿತವುಂಟೇ, ಹಿಂದೆ ಇಂಥದನ್ನು ಮಾಡಿದ್ದನೇ? ಪೋಲೀಸಿನವರು ಕೃತ್ಯವನ್ನು ಶೋಧಿಸುವರು. ಈತನು ಮನುಷ್ಯನನ್ನು ಶೋಧಿಸುವನು.

ವರದಿಯು ಅನುಕೂಲವಾಗಿದ್ದರೆ ಹುಡುಗನಿಂದ ಸದ್ವರ್ತನೆಯ ಮುಚ್ಚಳಿಕೆಯನ್ನು ಬರೆಯಿಸಿಕೊಂಡು ಬಿಡಬಹುದು. ಅದರ ಅವಧಿ ಮೂರು ವರ್ಷಗಳನ್ನು ಮೀರಕೂಡದು. ಅಧಿಕಾರಿಯ ಮೇಲ್ವಿಚಾರಣೆಯಲ್ಲಿರಬೇಕೆಂದು ಆಜ್ಞಾಪಿಸಿದರೆ ಅದು ಒಂದು ವರ್ಷಕ್ಕೆ ಕಡಿಮೆಯಿರಕೂಡದು. ಇಂಥಲ್ಲಿ ವಾಸಿಸಬೇಕು, ಮದ್ಯವನ್ನು ಮುಟ್ಟಕೂಡದು ಎಂದು ಮೊದಲಾದ ಕಟ್ಟಳೆಗಳನ್ನು ಹಾಕಬಹುದು. ಪಂಪನ್ನು ಕಳೆದುಕೊಂಡ ರೈತನಿಗೆ ನಷ್ಟವನ್ನು ತುಂಬಿಕೊಡಿಸಬಹುದು. ಹುಡುಗನಿಗೆ ಕೆಲಸವಿಲ್ಲದಿದ್ದರೆ ತಕ್ಕ ಕೆಲಸವನ್ನು ಹುಡುಕಿಕೊಡಲು ಯತ್ನಿಸುವುದೂ ಆ ಅಧಿಕಾರಿಯ ಕರ್ತವ್ಯಗಳಲ್ಲೊಂದು. ಅವಧಿಯನ್ನು ನೆಟ್ಟಗೆ ಕಳೆದವನಿಗೆ, ಶಿಕ್ಷಿತನೆಂಬ ಕಾರಣದಿಂದ ಅಂಟಬಹುದಾದ ಅನರ್ಹತೆಯು ಅಂಟದು. ಅಪರಾಧವೇ ನಡೆಯಲಿಲ್ಲವೆಂದು ಇದರ ಅರ್ಥವಲ್ಲ; ಅದರ ನೆರಳು ಜೀವಮಾನವೆಲ್ಲ ಬೆನ್ನುಹತ್ತಬಾರದೆಂದು ಮಾತ್ರ.

ಇನ್ನೊಂದು ಮಾರ್ಗವು ಹೊಸತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯು ಸಮುದಾಯ ಸೇವೆಯನ್ನು ದಂಡನೆಗಳ ಸಾಲಿನಲ್ಲಿ ಸೇರಿಸಿದೆ. ಸಮುದಾಯಕ್ಕೆ ಹಿತವಾಗುವ ಕೆಲಸವನ್ನು ಸಂಬಳವಿಲ್ಲದೆ ಮಾಡತಕ್ಕದ್ದು, ಇದೇ ಅದರ ಸ್ವರೂಪ. ಕೆಲವೇ ಸಣ್ಣ ಅಪರಾಧಗಳಿಗೆ ಇದನ್ನು ವಿಧಿಸಲಾಗಿದೆ: ಕುಡಿದು ಬೀದಿಯಲ್ಲಿ ದುರ್ವರ್ತನೆ ತೋರುವುದು, ಮಾನಹಾನಿ ಮುಂತಾದುವು. ಕದ್ದ ಮಾಲು 5,000 ರೂಪಾಯಿಗಳಿಗೆ ಕಡಿಮೆಯಾಗಿದ್ದು, ಕದ್ದವನು ಮೊದಲ ಸಲ ಅಪರಾಧಿಯೆನಿಸಿ, ಮಾಲನ್ನಾಗಲಿ ಅದರ ಬೆಲೆಯನ್ನಾಗಲಿ ಹಿಂದಿರುಗಿಸಿದರೆ ಅವನಿಗೆ ಸಮುದಾಯ ಸೇವೆಯೇ ದಂಡನೆ. ಇಂಗ್ಲೆಂಡು 1972ರ ಕಾಯಿದೆಯಲ್ಲಿಯೇ ಇದನ್ನು ತಂದು, 40ರಿಂದ 240 ಗಂಟೆಗಳವರೆಗೆ ಎಂದು ಗೊತ್ತುಮಾಡಿತ್ತು. ನಮ್ಮ ಸಂಹಿತೆಯು ಕೆಲಸದ ಪಟ್ಟಿಯನ್ನಾಗಲಿ ಗಂಟೆಗಳ ಲೆಕ್ಕವನ್ನಾಗಲಿ ತಾನೇ ಹೇಳಿಲ್ಲ. ಆದುದರಿಂದ ಅದನ್ನು ನಡೆಯಿಸುವವರ ವಿವೇಕಕ್ಕೆ ಬಹಳವನ್ನು ಬಿಟ್ಟಂತಾಗಿದೆ.

ಇಲ್ಲಿ ಒಂದು ಪ್ರಶ್ನೆ ಏಳುವುದು. ಕಳ್ಳನನ್ನು ಬಿಟ್ಟುಬಿಟ್ಟರೆ ಕಳವು ಹೆಚ್ಚದೇ? ಬಾವಿಯ ಪಂಪು ಹೋಗಿ ಬೆಳೆ ಒಣಗಿದ ರೈತನ ಸಂಕಟವೇನು? ಈ ಪ್ರಶ್ನೆಯು ನ್ಯಾಯವಾದುದು. ಆದರೆ ಪರಿವೀಕ್ಷಣೆಯೆಂದರೆ ಬಿಟ್ಟುಬಿಡುವುದಲ್ಲ. ಕಟ್ಟಳೆಯನ್ನು ಮೀರಿದವನನ್ನು ನ್ಯಾಯಾಲಯವು ಮರಳಿ ಕರೆಯಿಸಿ, ಮೊದಲಿನ ಅಪರಾಧಕ್ಕೇ ಶಿಕ್ಷೆಯನ್ನು ವಿಧಿಸಬಲ್ಲದು. ಮರಣದಂಡನೆ ಅಥವಾ ಆಜೀವ ಕಾರಾವಾಸಕ್ಕೆ ಯೋಗ್ಯವಾದ ಅಪರಾಧಗಳಿಗೆ ಈ ಬಾಗಿಲೇ ಇಲ್ಲ. ಇನ್ನು ರೈತನ ಮಾತು: ಹುಡುಗನು ಸೆರೆಮನೆಯಲ್ಲಿ ಕುಳಿತರೆ ರೈತನ ಬಾವಿಗೆ ಪಂಪು ಬಾರದು, ಹೊರಗಿದ್ದು ದುಡಿದು ಕಂತುಕಂತಾಗಿ ತೀರಿಸಿದರೆ ಬಂದೀತು. ನಷ್ಟಪಟ್ಟವನನ್ನು ಮರೆತು ತಪ್ಪಿತಸ್ಥನಿಗೆ ತೋರುವ ಕರುಣೆಯು ಅರೆಧರ್ಮವೆಂದೇ ನನ್ನ ಮತ.

ಸಮುದಾಯ ಸೇವೆಯನ್ನು ಕಂಡು ನಮ್ಮವರು ಒಡನೆಯೇ ‘ಇದು ಕಾಯಕವಷ್ಟೆ!’ ಎಂದು ಹೇಳುವುದನ್ನು ಕೇಳಿದ್ದೇನೆ. ಅಷ್ಟು ಅವಸರ ಬೇಡ. ಕಾಯಕವು ಮನವೊಪ್ಪಿ ಮಾಡುವುದು. ಇದು ಆಜ್ಞೆಗೊಳಗಾಗಿ ಮಾಡುವುದು. ಕೊರಳಿಗೆ ಹಲಗೆ ಕಟ್ಟಿ, ಭಾವಚಿತ್ರ ತೆಗೆದು, ಬೀದಿ ಗುಡಿಸಿಸಿದರೆ ಅದು ಬಿಟ್ಟಿಯೂ ಅಹುದು, ಅಪಮಾನವೂ ಅಹುದು. ಜೊತೆಗೆ ನಿತ್ಯವೂ ಬೀದಿ ಗುಡಿಸುವ ಕಾಯಕಜೀವಿಗಳಿಗೂ ಅವಮಾನ. ಆದರೆ ಅದೇ ಮನುಷ್ಯನಿಗೆ ಆಸ್ಪತ್ರೆಯಲ್ಲಿ ರೋಗಿಗಳಿಗೆ ನೀರು ತಂದುಕೊಡುವ, ಶಾಲೆಯಂಗಳದಲ್ಲಿ ಗಿಡ ನೆಟ್ಟು ಬೆಳೆಸುವ ಕೆಲಸವನ್ನು ಕೊಟ್ಟು, ‘ಚೆನ್ನಾಗಿ ಮಾಡಿದೆಯಪ್ಪಾ’ ಎಂದು ಒಬ್ಬರಾದರೂ ಹೇಳಿದರೆ, ಆಜ್ಞೆಯಿಂದ ತೊಡಗಿದುದು ಒಪ್ಪಿಗೆಯಿಂದ ಮುಗಿಯಬಹುದು. ದಂಡನೆಯನ್ನು ಕಾಯಕವನ್ನಾಗಿ ಮಾಡುವುದು ನ್ಯಾಯಾಧೀಶನ ಕೈಯಲ್ಲಿಲ್ಲ. ಅದು ಸುತ್ತಲಿನವರ ಕೈಯಲ್ಲಿದೆ.

ಈಗ ನನ್ನ ಮನಸ್ಸಿನಲ್ಲಿ ಬಹುಕಾಲದಿಂದ ಕುಳಿತಿರುವ ಒಂದು ಸಂಗತಿಯನ್ನು ಹೇಳಬೇಕು. ನಾನು ಎಳೆಯ ವಕೀಲನಾಗಿದ್ದಾಗ ತಂದೆತಾಯಿಗಳಿಲ್ಲದ, ನೆಲೆಯಿಲ್ಲದೆ ಕೂಲಿಗಾಗಿ ಅಲೆಯುತ್ತಿದ್ದ ತರುಣನೊಬ್ಬನ ಪರವಾಗಿ ನಿಂತಿದ್ದೆನು. ಅಪರಾಧವು ಸಣ್ಣದು, ಅವನು ಒಪ್ಪಿಕೊಂಡಿದ್ದನು. ಪರಿವೀಕ್ಷಣೆಯ ಮೇಲೆ ಬಿಡಲು ನ್ಯಾಯಾಧೀಶರಿಗೆ ಮನಸ್ಸಿತ್ತು. ಆದರೆ ಕಾಯಿದೆಯ 4ನೆಯ ಕಲಮು ಒಂದು ಮಾತನ್ನು ಕೇಳುತ್ತದೆ: ಅಪರಾಧಿಗಾಗಲಿ ಅವನ ಜಾಮೀನುದಾರನಿಗಾಗಲಿ ಸ್ಥಿರವಾದ ವಾಸಸ್ಥಳವೋ ಕ್ರಮವಾದ ಉದ್ಯೋಗವೋ ಇರಬೇಕು. ಹುಡುಗನಿಗೆ ಎರಡೂ ಇರಲಿಲ್ಲ. ವಕೀಲನು ತನ್ನ ಕಕ್ಷಿಗಾರನಿಗೆ ಜಾಮೀನಾಗುವಂತಿಲ್ಲ. ಆದುದರಿಂದ ಹುಡುಗನು ಕೂಲಿಮಾಡುತ್ತಿದ್ದ ಊರಿಗೆ ಹೋಗಿ ಒಬ್ಬ ಸದ್ಗೃಹಸ್ಥರನ್ನು ಬೇಡಿಕೊಂಡೆನು. ಅವರ ಮನೆಯಲ್ಲಿ ನಿತ್ಯವೂ ಸಂಜೆ ವಚನಗಳ ಪಾರಾಯಣವು ನಡೆಯುತ್ತಿತ್ತು. ಅವರು ಆದರದಿಂದ ಕುಳ್ಳಿರಿಸಿ ಹಾಲು ಕೊಟ್ಟು, ‘ವಕೀಲ ಸಾಹೇಬರೇ, ಕಳ್ಳನಿಗೆ ಜಾಮೀನಾದರೆ ಊರವರು ನನ್ನನ್ನು ಏನೆಂದಾರು?’ ಎಂದರು. ನಾನು ಹಾಲು ಕುಡಿದು ಎದ್ದುಬಂದೆನು. ಇನ್ನೊಂದು ಮನೆಯ ಕದವನ್ನು ತಟ್ಟಲಿಲ್ಲ. ಹುಡುಗನು ಸೆರೆಮನೆಗೆ ಹೋದನು. ಬಿಡುಗಡೆಯಾದ ಮೇಲೆ ಆ ಊರಿಗೆ ಅವನು ಬರಲಿಲ್ಲ. ಎಲ್ಲಿಗೆ ಹೋದನೆಂದು ಯಾರೂ ಕೇಳಲಿಲ್ಲ. ಆ ಗೃಹಸ್ಥರನ್ನು ನಾನು ದೂರಲಾರೆ. ಎರಡನೆಯ ಕದವನ್ನು ತಟ್ಟದವನು ನಾನಲ್ಲವೇ?

ಬಂಧುಗಳೇ, ನನ್ನ ಭಾಷಣದ ಸಾರವೆಲ್ಲ ಇದರಲ್ಲಿದೆ. ಕಾಯಿದೆಯು ಬಾಗಿಲನ್ನು ತೆರೆದು ಅರುವತ್ತು ವರ್ಷಗಳ ಮೇಲಾಯಿತು. ಆ ಬಾಗಿಲಿನ ಆಚೆ ನಿಂತು ‘ಬಾ’ ಎನ್ನುವವರು ಬೇಕು. 2022ರ ಕೊನೆಗೆ ಸೆರೆಯಲ್ಲಿದ್ದವರೊಳಗೆ 4,34,302 ಮಂದಿ, ಎಂದರೆ ನಾಲ್ವರಲ್ಲಿ ಮೂವರು, ಇನ್ನೂ ತೀರ್ಪಾಗದ ವಿಚಾರಣಾಧೀನರು. ಪರಿವೀಕ್ಷಣೆಯು ಅಪರಾಧವು ಸ್ಥಿರಪಟ್ಟ ಮೇಲಿನ ಮಾತು. ಆದುದರಿಂದ ಅದು ಇವರನ್ನು ಮುಟ್ಟದು. ಆದರೆ ಜಾಮೀನಿನ ಆಜ್ಞೆಯಾಗಿಯೂ ಜಾಮೀನುದಾರನಿಲ್ಲದೆ ಒಳಗೆ ಉಳಿದ ಬಡವರು ಇವರಲ್ಲಿಯೂ ಇರುವರು. ಅಲ್ಲಿಯೂ ಕೊರತೆಯು ಅದೇ, ಹೊಣೆಹೊರುವ ಒಬ್ಬ ಮನುಷ್ಯನದು.

ಶ್ರೀಮಠವು ಐವತ್ತು ವರ್ಷಗಳಿಂದ ಹಸಿದವರಿಗೆ ಅನ್ನವನ್ನೂ ಓದುವ ಮಕ್ಕಳಿಗೆ ಆಶ್ರಯವನ್ನೂ ನೀಡುತ್ತ ಬಂದಿದೆ. ಆ ದಾಸೋಹಕ್ಕೆ ಇನ್ನೊಂದು ಪಂಕ್ತಿಯನ್ನು ಸೇರಿಸಬಾರದೇ? ಸರಕಾರವು ಮಾನ್ಯಮಾಡಿದ ಸಂಸ್ಥೆಯೊಂದು ಒದಗಿಸಿದ ವ್ಯಕ್ತಿಯೂ ಪರಿವೀಕ್ಷಣಾಧಿಕಾರಿಯಾಗಬಹುದೆಂದು 1958ರ ಕಾಯಿದೆಯು ಸ್ಪಷ್ಟವಾಗಿ ಹೇಳಿದೆ. ಮಠದ ಶಿಷ್ಯರಲ್ಲಿ ವಿದ್ಯಾವಂತರಿಗೆ ಕೊರತೆಯಿಲ್ಲ. ಊರೂರಿನಲ್ಲಿ ಇಬ್ಬರು ಮೂವರು ಗೃಹಸ್ಥರು, ವಿಚಾರಿಸಿ ನೋಡಿ ಯೋಗ್ಯನೆಂದು ಕಂಡವನಿಗೆ ಜಾಮೀನಾಗಲು ಮುಂದೆ ಬರಲಿ. ಅಂಗಡಿಯುಳ್ಳವರು, ಗಿರಣಿಯುಳ್ಳವರು, ತೋಟವುಳ್ಳವರು ಅಂಥ ಒಬ್ಬನಿಗೆ ಕೆಲಸ ಕೊಡಲಿ. ಮೋಸವಾಗದೆಂದು ನಾನು ಹೇಳಲಾರೆ. ಕೆಲವರು ಮಾತು ತಪ್ಪುವರು. ಒಬ್ಬನು ತಪ್ಪಿದನೆಂದು ಉಳಿದವರಿಗೂ ಕದವಿಕ್ಕುವುದು ಧರ್ಮವಾಗದು.

ಪೆದ್ದಣ್ಣನು ಸೌದೆಯ ಹೊರೆಯನ್ನು ತಂದ ಮೊದಲ ದಿನ ಮಠದವರು ‘ಕಳ್ಳನ ಸೌದೆ ನಮಗೆ ಬೇಡ’ ಎಂದು ಬಾಗಿಲು ಹಾಕಿದ್ದರೆ, ನಮಗೆ ಒಬ್ಬ ವಚನಕಾರನು ನಷ್ಟವಾಗುತ್ತಿದ್ದನು. ಅದು ನಷ್ಟವೆಂಬುದೂ ನಮಗೆ ತಿಳಿಯುತ್ತಿರಲಿಲ್ಲ. ಇಂದು ನಮ್ಮೂರ ನ್ಯಾಯಾಲಯದ ಮೆಟ್ಟಿಲ ಮೇಲೆ ಹೊರೆಯನ್ನು ಹೊರಲು ಸಿದ್ಧನಾಗಿ ಯಾರಾದರೊಬ್ಬ ತರುಣನು ಕುಳಿತಿರಬಹುದು. ಅದನ್ನು ಇಳುಹಲು ಅವನಿಗೊಂದು ಬಾಗಿಲು ತೆರೆದಿರಲಿ ಎಂಬುದಷ್ಟೇ ನನ್ನ ಪ್ರಾರ್ಥನೆ.